ಇ.ಇ. ಸಾಹೇಬರ ಟಬ್ಬು

ನೀರಾವರಿ ಇಲಾಖೆಯಿಂದ ರಿಟೈರಾದವರ ಜೇಬಿನಿಂದ ಅಳತೆ ಟೇಪು ಮಾತ್ರ ರಿಟೈರಾಗುವುದಿಲ್ಲ. ಬನಶಂಕರಿಯ ನಮ್ಮ ಎದುರುಮನೆ ಇ.ಇ. ಸಾಹೇಬರು ಊಟದ ಎಲೆ ಗೋಡೆಗೆ ಸಮನಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವ ಪೈಕಿ.

ಇಂಥವರು ಅಮೆರಿಕದ ಮಗನ ಮನೆಯಲ್ಲಿ ಆರು ತಿಂಗಳು ಟಬ್ಬಿನಲ್ಲಿ ಮಲಗಿ ಬಂದರು. ಬಂದವರೇ, ಕೆಡವಿದ ಹಳೇ ಬಂಗಲೆಯೊಂದರ ಬೀಡುಕಬ್ಬಿಣದ ಟಬ್ಬು ಕೊಂಡರು. ಸಿಂಹದ ಪಂಜದಂಥ ನಾಲ್ಕು ಕಾಲು. ಸೇರಬೇಕಾದ್ದು ಮಹಡಿಯ ಬಚ್ಚಲಿಗೆ.

ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ನಡೆಯಿತು. ಟಬ್ಬು 140 ಕೆ.ಜಿ., ನೀರು 200, “ನಾನೊಂದು 85”. ಒಟ್ಟು 425. (ಆ 85ನ್ನು ಅವರ ಮನೆಯವರು ಇವತ್ತಿಗೂ ಒಪ್ಪಿಲ್ಲ.) ಟಬ್ಬಿನ ಜಾಗಕ್ಕೆ ಹಂಚಿದರೆ ಚದರ ಮೀಟರಿಗೆ 330 ಚಿಲ್ಲರೆ, ಮನೆಯ ಸ್ಲ್ಯಾಬಿನ ಮೇಲೆ ಹಿಡಿಯುವ ಲೆಕ್ಕ 200. ಹಾಗಾಗಿ ಗೋಡೆಗೆ ಒತ್ತಿ, ಬೀಮಿನ ನೆತ್ತಿಯ ಮೇಲೇ ಕೂರಿಸಬೇಕು. ಮೇಸ್ತ್ರಿ ಕಾಗದವನ್ನು ಗೌರವದಿಂದ ನೋಡಿ, ಬೀಡಿಯನ್ನು ಕಿವಿಗೆ ಸಿಕ್ಕಿಸಿದ.

“ಹಂಚಿದ್ದು ಸರಿ ಸಾರ್. ಆದ್ರೆ ಅದು ನಿಂತ್ಕೊಳ್ಳೋದು ನಾಲ್ಕು ಕಾಲ ಮೇಲಲ್ವಾ?”

ಸಾಹೇಬರು ಮಾತಾಡಲಿಲ್ಲ. ಸಂಜೆಗೆ ಕಾಲಿಗೊಂದರಂತೆ ನಾಲ್ಕು ಗ್ರಾನೈಟ್ ಚಪ್ಪಡಿ ಬಂದವು. “ನಾನೂ ಅದನ್ನೇ ಯೋಚಿಸ್ತಿದ್ದೆ” ಎಂದರು.

ಆರು ಜನ, ಗೋಣಿತಾಟು, ಹಗ್ಗ. ಮೆಟ್ಟಿಲ ತಿರುವಿನಲ್ಲಿ ಸಾಹೇಬರು ಮೇಲೆ ನಿಂತು “ಲೆಫ್ಟ್, ಲೆಫ್ಟ್” ಎಂದು ಕೂಗಿದರು. ಅವರ ಲೆಫ್ಟು ಹೊತ್ತವರಿಗೆ ರೈಟು. ಗೋಡೆಯ ಗಾರೆ ಒಂದು ಮಂಕರಿ ಉದುರಿತು. ಕೊನೆಗೆ ಕೂತಿತು, ರಸಮಟ್ಟದ ಗುಳ್ಳೆ ಕೂದಲೆಳೆಯಷ್ಟೂ ಆಚೀಚೆ ಇಲ್ಲದಂತೆ.

ಲೆಕ್ಕಕ್ಕೆ ಬಾರದೆ ಹೋದದ್ದು ಗೀಸರು. ಅದು 25 ಲೀಟರಿನದು. ಮೊದಲ ಸಲದ ಬಿಸಿನೀರು ಹಿಮ್ಮಡಿ ಮುಳುಗಿಸಿತು. ಮೂರನೆಯದು ಕಾಯುವಷ್ಟರಲ್ಲಿ ಮೊದಲಿನದು ಆರಿತ್ತು. ಸಾಹೇಬರು ಸೀನಿದರು. ಮೇಲಾಗಿ, ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಹತ್ತಿ ಬರುವ ಕಾವೇರಿ ನಮ್ಮ ಬೀದಿಗೆ ದಿನ ಬಿಟ್ಟು ದಿನ.

“ಮಲಗೋಕೆ 200 ಲೀಟರ್ ನೀರು ಬೇಕೇನೂಂದ್ರೆ? ಮಂಚ ಇದೆಯಲ್ಲ,” ಎಂದರು ಮನೆಯವರು.

ದೀಪಾವಳಿಗೆ ನೀರು ತುಂಬುವ ದಿನ ಬಂತು. ಮನೆಯ ತಾಮ್ರದ ಹಂಡೆ ಎಂದೋ ಹಳೇ ಪಾತ್ರೆಯವನ ಪಾಲಾಗಿತ್ತು. ಆಕೆ ಟಬ್ಬನ್ನೇ ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಿಂಡ್ಲೆ ಬಳ್ಳಿ ಸುತ್ತಿ, ಬಾಯಿಮಟ್ಟ ನೀರು ತುಂಬಿಸಿದರು. ಅರಿಶಿನ ಕುಂಕುಮಕ್ಕೆ ಹೆಂಡತಿಯೊಂದಿಗೆ ನಾನೂ ಹೋದೆ. ಪೂಜೆಯ ಬಳಿ ಸಾಹೇಬರಿಲ್ಲ. ಕೆಳಗಿನ ಕೋಣೆಯಲ್ಲಿ ಸ್ಟೂಲ್ ಹತ್ತಿ, ಟಾರ್ಚ್ ಬಿಟ್ಟು, ಸೂರಿನಲ್ಲಿ ಬಿರುಕು ಹುಡುಕುತ್ತಿದ್ದರು.

“ಅಂಚಿನವರೆಗೂ ತುಂಬಿಸಿದ್ದಾಳೆ ಕಣ್ರೀ, 285 ಲೀಟರು. ಪುಣ್ಯಕ್ಕೆ ನಾನು ಒಳಗಿಲ್ಲ.”