ಗಾಡಿ ಒದರಾಕತ್ತೈತಿ

ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ಬೀಳಗಿ ಕಡೆಯ ರಸ್ತೆಗಳಲ್ಲಿ ಓಡುವ ಸಣ್ಣ ವಾಹನಗಳಿಗೆ ಸ್ವಂತ ಸದ್ದು ಅಂತ ಇರುವುದಿಲ್ಲ. ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರು, ತನ್ನ ಎಂಜಿನ್ನಿನ ಗದ್ದಲ ಸಾಲದೆಂದು ದೊಡ್ಡ ಸ್ಪೀಕರಿನಲ್ಲಿ ಜಾನಪದ ಹಾಡು ಹಚ್ಚಿಕೊಂಡೇ ಹೋಗುತ್ತದೆ. ಅಂಥ ರಸ್ತೆಯಲ್ಲೂ ಜನ ತಿರುಗಿ ನೋಡುವಂತೆ ಒದರಿದ ಕೀರ್ತಿ ನಮ್ಮ ಮಾರುತಿ 800ಕ್ಕೆ ಸಲ್ಲಬೇಕು.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಗಿರಾಕಿಯ ಕೈಗೆ ಕೀಲಿ ಕೊಟ್ಟಾಗ ಶುರುವಾದ ಈ ವಂಶ 2014ರ ಜನವರಿಗೆ ನಿಂತುಹೋಯಿತು. ಹಾಗಾಗಿ ಈಗ ಓಡುತ್ತಿರುವ ಮಾರುತಿ 800ಗಳಲ್ಲಿ ಹರೆಯದ್ದು ಒಂದೂ ಇಲ್ಲ. 796 ಸಿಸಿಯ ಎಂಜಿನ್ನು, ಮೂರೇ ಸಿಲಿಂಡರು. ನಮ್ಮದಂತೂ ಕಾರ್ಬ್ಯುರೇಟರ್ ಕಾಲದ್ದು. ಅದರ ನಿತ್ಯದ ಸದ್ದುಗಳಿಗೆ ಮನೆಯಲ್ಲಿ ಪೂರ್ಣ ಮನ್ನಣೆಯಿದೆ. ಮುಂಜಾನೆ ಚಾಲೂ ಮಾಡಿದಾಗ ಫ್ಯಾನ್ ಬೆಲ್ಟು ಒಮ್ಮೆ ಕಿರ್ರೆಂದು ಚೀರಬೇಕು, ಟ್ಯಾಪೆಟ್ಟು ಟಿಕಿಟಿಕಿ ಅನ್ನುತ್ತಿರಬೇಕು, ತೆಗ್ಗು ಬಂದಾಗಲೆಲ್ಲ ಎಡಗಡೆಯ ಬಾಗಿಲು ಹಾಜರಿ ಹೇಳಬೇಕು. ಇವುಗಳಲ್ಲಿ ಯಾವುದಾದರೂ ಕೇಳದಿದ್ದರೆ ನನ್ನ ಹೆಂಡತಿಗೆ ಸಂಶಯ ಬರುತ್ತದೆ.

ಬೀಳಗಿಯಲ್ಲಿ ಮದುವೆ. ಜಮಖಂಡಿ ದಾಟಿ ಎಕ್ಸಲರೇಟರ್ ಒತ್ತಿದೆ ನೋಡಿ, ಕಾಲ ಬುಡದಲ್ಲೇ ಭಡಭಡಭಡ ಎಂದು ಶುರುವಾಯಿತು.

"ಅಯ್ಯ ಶಿವನ! ಹಿಂದ ಯಾವುದರ ಟ್ರ್ಯಾಕ್ಟರ್ ಬಂತೇನ್ರಿ? ದಾರಿ ಬಿಡ್ರಿ ಅದಕ್ಕ," ಎಂದಳು ಇವಳು. ಹಿಂದೆ ರಸ್ತೆ ಖಾಲಿ ಇತ್ತು.

ಮುಧೋಳದ ರನ್ನ ತನ್ನ ಗದಾಯುದ್ಧದಲ್ಲಿ, ಭೀಮನ ಆರ್ಭಟ ಕೇಳಿ ಕೊಳದ ನೀರೊಳಗೆ ಅಡಗಿದ್ದ ದುರ್ಯೋಧನ ಬೆವರಿದ ಎಂದು ಬರೆದಿದ್ದಾನೆ. ನೀರಿನಲ್ಲಿ ಮುಳುಗಿದವನಿಗೆ ಬೆವರು ಬಂದದ್ದು ಹೇಗೆ ಗೊತ್ತಾಯಿತು ಅಂತ ಕಾಲೇಜಿನಲ್ಲಿ ಕೇಳಿ ಬೈಸಿಕೊಂಡಿದ್ದೆ. ಮಾಗಿಯ ಚಳಿಯಲ್ಲಿ, ಆ ಸ್ಟೇರಿಂಗ್ ಹಿಡಿದುಕೊಂಡಾಗ, ರನ್ನನ ಮೇಲೆ ನನಗಿದ್ದ ತಕರಾರು ತೀರಿತು.

ಮದುವೆ ಮನೆಯ ಮುಂದೆ ನಾವು ಬಂದು ನಿಂತಾಗ, ತಮಗಿಂತ ದೊಡ್ಡ ಕಂಪನಿ ಬಂದಿದೆಯೆಂದು ಬ್ಯಾಂಡಿನವರು ಊದುವುದನ್ನೇ ನಿಲ್ಲಿಸಿದರು. ನಾನು ಬಾನೆಟ್ ಎತ್ತಿದೆ. ನಮ್ಮ ಕಡೆ ನಡುಬೀದಿಯಲ್ಲಿ ಬಾನೆಟ್ ಎತ್ತುವುದೆಂದರೆ ಸಭೆ ಕರೆದಂತೆಯೇ. ಅಕ್ಕಿಕಾಳು ಕೈಯಲ್ಲಿ ಹಿಡಿದವರೆಲ್ಲ ಇತ್ತ ಬಂದರು.

ಮೊದಲ ತೀರ್ಪು ಕೊಟ್ಟವರು ಮುಧೋಳದ ಕಬ್ಬು ಬೆಳೆಗಾರರೊಬ್ಬರು. "ಸಾಹೇಬ್ರ, ಎಂಜಿನ್ ಬೋರಿಗೆ ಬಂದೈತಿ. ಪೂರಾ ಬಿಚ್ಚಬೇಕು. ನಮ್ಮ ಟ್ರ್ಯಾಕ್ಟರ್ ಹಿಂಗ ಒದರಿತ್ತು, ಒಂದು ಎಕರೆ ಕಬ್ಬಿನ ಬಿಲ್ಲು ನುಂಗಿತು." ಅವರೂರಿನ ಹೆಸರಾಂತ ಬೇಟೆನಾಯಿ ಕಣ್ಣಿಂದ ನೋಡಿ ಬೇಟೆ ಹಿಡಿಯುವ ಜಾತಿ. ಇವರು ಎಂಜಿನ್ನಿನ ಕಡೆಗೆ ಕಣ್ಣು ಕೂಡ ಹಾಯಿಸಿರಲಿಲ್ಲ. ಬೀಳಗಿಯ ಹುಡುಗನೊಬ್ಬ ಮೊಬೈಲಿನಲ್ಲಿ ಗುಜರಿಯ ದರ ನೋಡಿ ಹೇಳಿದ. ಅದನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಬಂದರು ಜಮಖಂಡಿಯ ಕಾಕಾ. ಬಸ್ಸು ಓಡಿಸಿ ನಿವೃತ್ತರಾದವರು, ಕಿವಿ ಇನ್ನೂ ನಿವೃತ್ತವಾಗಿಲ್ಲ. "ತಮ್ಮಾ, ಮೊದಲ ಬಂದ್ ಮಾಡು. ಆಯಿಲ್ ಕಡ್ಡಿ ಎಳಿ," ಎಂದರು. ಕಡ್ಡಿ ಎಳೆದು, ಒರೆಸಿ, ಮತ್ತೆ ತೂರಿಸಿ ನೋಡಿದರು. ಆಯಿಲ್ ಗುರುತಿನವರೆಗೂ ಇತ್ತು. ಆಯಿಲ್ ಕಡಿಮೆಯಾದ ಎಂಜಿನ್ ಚಾಲೂ ಇಟ್ಟು ಸದ್ದು ಹುಡುಕುವವನು ರೋಗ ಹುಡುಕುವುದರೊಳಗೆ ರೋಗಿಯನ್ನೇ ಕಳೆದುಕೊಳ್ಳುತ್ತಾನೆ ಎಂಬುದು ಅವರ ವಾದ. ನಂತರ ನಿಂತಲ್ಲೇ ರೇಸ್ ಕೊಡಿಸಿದರು. ಸದ್ದು ಏರಿತು, ಬಿಟ್ಟಾಗ ಇಳಿಯಿತು. "ಗಾಲಿದಲ್ಲ, ಬೇರಿಂಗಂದೂ ಅಲ್ಲ. ಎಂಜಿನ್ ಕಡೀದ," ಎಂದು ಅರ್ಧ ದೇಶವನ್ನು ಒಂದೇ ಏಟಿಗೆ ಪಟ್ಟಿಯಿಂದ ತೆಗೆದುಹಾಕಿದರು.

ಆದರೆ ರೋಗದ ಎಳೆ ಹಿಡಿದವರು ಬನಹಟ್ಟಿಯ ನಮ್ಮ ಮಾವನವರು. ಜೀವಮಾನವೆಲ್ಲ ಪವರ್‌ಲೂಮಿನ ನಡುವೆ ಸೀರೆ ನೇಯ್ದವರು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಹಗಲು ಪೂರ್ತಿ ಖಟ್ ಖಟ್ ಖಟ್. ಹೊರಗಿನವರಿಗೆ ಅದೆಲ್ಲ ಒಂದೇ ಗದ್ದಲ. ನೇಕಾರರಿಗೆ ಹಾಗಲ್ಲ, ಸಾಲಿನಲ್ಲಿ ಯಾವ ಮಗ್ಗದ ಲಾಳಿ ತಡೆಯಿತು ಎಂಬುದು ಬೆನ್ನು ಮಾಡಿ ಕೂತರೂ ತಿಳಿಯುತ್ತದೆ. ಮಾವ ಕಣ್ಣು ಮುಚ್ಚಿ ಕೇಳಿದರು. "ಜೋರ ಐತಿ ಖರೆ, ತಾಳ ತಪ್ಪಿಲ್ರಿ," ಎಂದರು. ನೆರೆದವರು ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಅದು ಲೆಕ್ಕದ ಮಾತು. ಮೂರು ಸಿಲಿಂಡರಿನ ಈ ಎಂಜಿನ್ನು ಎರಡು ಸುತ್ತಿಗೆ ಮೂರು ಸಲ ಸಿಡಿಯುತ್ತದೆ. ನಿಮಿಷಕ್ಕೆ 800 ಸುತ್ತು ತಿರುಗುತ್ತ ನಿಂತರೂ 1,200 ಸಿಡಿತ. ಪ್ಲಗ್ಗು ಹಾರಿದ್ದರೆ, ಸಿಲಿಂಡರೊಂದು ಸತ್ತಿದ್ದರೆ, ಮೂರರಲ್ಲಿ ಒಂದು ಏಟು ಬಿಟ್ಟು ಗಾಡಿ ಕುಂಟುತ್ತಿತ್ತು. ಏಟುಗಳೆಲ್ಲ ಸರಿಯಾಗಿಯೇ ಬೀಳುತ್ತಿವೆಯೆಂದ ಮೇಲೆ, ಒಳಗೆ ಕೆಲಸ ಸರಿಯಿದೆ, ಹೊರಗೆ ಬಾಯಿ ಮುಚ್ಚಿಸುವವರು ಇಲ್ಲ ಎಂದರ್ಥ.

ಕಾಕಾ ಕೂಡಲೇ ಅರ್ಥ ಮಾಡಿಕೊಂಡರು. ನನ್ನ ಹೆಗಲ ಮೇಲಿದ್ದ, ಆಗಷ್ಟೇ ಬೀಗರು ಆಯಾರ ಮಾಡಿದ್ದ ಹೊಸ ಟವೆಲ್ಲನ್ನು ಕೇಳದೆ ಎಳೆದುಕೊಂಡರು, ನೀರಲ್ಲಿ ಅದ್ದಿದರು, ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ಒಂದು ಕ್ಷಣ ಒತ್ತಿ ಹಿಡಿದರು. ಕೊಳವೆ ಗಟ್ಟಿಯಿದ್ದರೆ ಎಂಜಿನ್ನು ಉಸಿರುಗಟ್ಟಬೇಕು. ನಮ್ಮದು ಉಸಿರುಗಟ್ಟಲಿಲ್ಲ, ಮುಂದೆ ಬಾನೆಟ್ಟಿನ ಕೆಳಗಿಂದ ಫುಸ್ ಫುಸ್ ಎಂದು ಉಗುಳಿತು. ಅಲ್ಲಿ, ಎಂಜಿನ್ನಿನ ಮ್ಯಾನಿಫೋಲ್ಡಿಗೆ ಸೈಲೆನ್ಸರ್ ಪೈಪು ಕೂಡುವ ಜಾಗದ ಸುತ್ತ ಕಪ್ಪು ಮಸಿ ಹಿಡಿದಿತ್ತು. ನಟ್ಟು ಒಂದು ಬಿದ್ದುಹೋಗಿ, ಗ್ಯಾಸ್ಕೆಟ್ ಸುಟ್ಟು ಹರಿದಿತ್ತು.

ಸಿಲಿಂಡರಿನಿಂದ ಸಿಡಿದು ಬರುವ ಬಿಸಿಗಾಳಿ ಸೈಲೆನ್ಸರಿನ ಕೋಣೆ ಕೋಣೆ ಸುತ್ತಿ ದಣಿದ ಮೇಲೆ ಹೊರಗೆ ಬರಬೇಕು. ದಾರಿಯಲ್ಲೇ ಕಿಂಡಿ ಸಿಕ್ಕರೆ ಅದೇಕೆ ಅಷ್ಟು ಸುತ್ತೀತು? ಈ ಕಿಂಡಿಗೆ ಇನ್ನೊಂದು ತುಂಟತನವಿದೆ. ಎಂಜಿನ್ ತಣ್ಣಗಿದ್ದಾಗ ಅಬ್ಬರ ಹೆಚ್ಚು. ಬಿಸಿಯಾದಂತೆ ಲೋಹ ಹಿಗ್ಗಿ ಸಂದು ಕಿರಿದಾಗುತ್ತದೆ. ಡಾಕ್ಟರರ ಮುಂದೆ ಕೂತಾಗ ಇಳಿಯುವ ಜ್ವರದಂತೆ ಗ್ಯಾರೇಜ್ ಮುಟ್ಟುವ ಹೊತ್ತಿಗೆ ಸದ್ದು ತಗ್ಗಿ, ಮಿಸ್ತ್ರಿ ನಮ್ಮನ್ನೇ ಸಂಶಯದಿಂದ ನೋಡುತ್ತಾನೆ.

ಮರುದಿನ ಮಿಸ್ತ್ರಿ ಪಾನಾ ಹಿಡಿದು ಗಾಡಿಯ ಅಡಿಗೆ ತೂರಿದ. ಒಂದು ಗ್ಯಾಸ್ಕೆಟ್ಟು, ಎರಡು ನಟ್ಟು, ಒಂದು ಕಪ್ಪು ಚಹಾ. "ಹಿಂಗ ಒದರೋ ಗಾಡಿಗೆ ನಾನು ಅಂಜೂದಿಲ್ರಿ," ಎಂದ ಅಡಿಯಿಂದಲೇ. "ಸಣ್ಣಗ ಒಳಗಿಂದ ಠಕ್ ಠಕ್ ಅಂತೈತಲ್ರಿ, ಅದು ಕನೆಕ್ಟಿಂಗ್ ರಾಡಿನ ಬೇರಿಂಗ. ಅದಕ್ಕ ಅಂಜತೀನಿ." ಮುಧೋಳದ ಟ್ರ್ಯಾಕ್ಟರು ಕಬ್ಬಿನ ಬಿಲ್ಲು ನುಂಗಿದ್ದು ಅಂಥದ್ದರಲ್ಲೇ ಇರಬೇಕು.

ನಿಮ್ಮ ಹಳೆಯ ಗಾಡಿ ಹೀಗೆ ಒದರಿದರೆ ಕಿಟಕಿ ಗಾಜು ಇಳಿಸಿಕೊಂಡೇ ಗ್ಯಾರೇಜಿಗೆ ಹೋಗಿ, ಸೋರುವ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಠಕ್ ಠಕ್ ಅಂದರೆ ಅಲ್ಲೇ ಬಂದ್ ಮಾಡಿ, ಎಳೆಸಿಕೊಂಡು ಹೋಗಿ. ಯಾವುದಕ್ಕೂ ಒಂದು ಹಳೆ ಅರಿವೆ ಡಿಕ್ಕಿಯಲ್ಲಿ ಇಟ್ಟಿರಿ. ಆಯಾರದ ಟವೆಲ್ಲಿಗೆ ಹತ್ತಿದ ಸೈಲೆನ್ಸರ್ ಮಸಿ ಯಾವ ಸಾಬೂನಿಗೂ ಹೋಗುವುದಿಲ್ಲ.