ಅಣ್ಣನ ಅದೃಶ್ಯ ರಿಮೋಟು

ಅಮೆರಿಕದ ಬೇಸ್‌ಬಾಲ್‌ಗೂ ಮೈಸೂರಿನ ಕುವೆಂಪುನಗರದಲ್ಲಿ ನಮ್ಮಮ್ಮ ನೋಡುವ ಧಾರಾವಾಹಿಗೂ ಏನು ಸಂಬಂಧ ಎಂದು ಕೇಳಿದರೆ, ದಾಯಾದಿ ಸಂಬಂಧ ಎನ್ನಬೇಕು.

2002ರ ಮಾತು. ಕ್ಯಾಲಿಫೋರ್ನಿಯಾದ ಬ್ಲೇಕ್ ಮತ್ತು ಜೇಸನ್ ಕ್ರಿಕೋರಿಯನ್ ಎಂಬ ಅಣ್ಣತಮ್ಮಂದಿರಿಗೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಹುಚ್ಚು. ತಂಡ ಬೇಸ್‌ಬಾಲಿನ ಫೈನಲ್ಲಾದ ವರ್ಲ್ಡ್ ಸೀರೀಸ್‌ವರೆಗೂ ಹೋದ ವರ್ಷ ಅದು. ಇವರಿಗೋ ಕೆಲಸದ ಮೇಲೆ ಊರೂರು ಸುತ್ತಾಟ. ಹೋದ ಊರಿನ ಟಿವಿಯಲ್ಲಿ ತಮ್ಮೂರ ಪಂದ್ಯ ಬರದು. ಕೇಬಲ್‌ಗೆ ದುಡ್ಡು ಕಟ್ಟುವುದು ನಾವು, ನೋಡುವುದು ಮಾತ್ರ ಮನೆಯ ಖಾಲಿ ಸೋಫಾ, ಇದ್ಯಾವ ನ್ಯಾಯ ಎಂದು ಅವರಿಗೆ ಅನಿಸಿರಬೇಕು. ಅಷ್ಟೆಲ್ಲ ಹಂಬಲಿಸಿದ ಮೇಲೂ ಜೈಂಟ್ಸ್ ಕೊನೆಯ, ಏಳನೆಯ ಪಂದ್ಯದಲ್ಲಿ ಸೋತು ಮನೆಗೆ ಬಂತು. 2025ರವರೆಗೆ ಪ್ರತಿ ವರ್ಷವೂ ‘ಈ ಸಲ ಕಪ್ ನಮ್ದೇ’ ಎಂದುಕೊಂಡೇ ಬಂದ ಆರ್‌ಸಿಬಿ ಅಭಿಮಾನಿಗಳಿಗೆ ಆ ಸೋದರರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ: ತಂಡ ಸೋತರೆ ನಾವು ಮೀಮ್ ಮಾಡುತ್ತೇವೆ, ಅವರು ಕಂಪನಿ ಮಾಡಿದರು.

ಸ್ಯಾನ್ ಮಟಿಯೊದ ಆ ಕಂಪನಿಯ ಹೆಸರು ಸ್ಲಿಂಗ್ ಮೀಡಿಯಾ. 2005ರಲ್ಲಿ ಹೊರಬಂದ ಪೆಟ್ಟಿಗೆ ಸ್ಲಿಂಗ್‌ಬಾಕ್ಸ್. ಮನೆಯ ಟಿವಿಯಲ್ಲಿ ಬರುವುದನ್ನು ಇಂಟರ್ನೆಟ್ಟಿನ ಮೂಲಕ ನಾವಿರುವ ಊರಿಗೇ ಕಳಿಸುವುದು ಅದರ ಕೆಲಸ. ಬೆಲೆ ಸುಮಾರು 250 ಡಾಲರ್. ಒಮ್ಮೆ ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆ ಗಿಡಿಗೆ ಇಲ್ಲ. ಈಗಿನ ಕಾಲದಲ್ಲಿ ಇಂಥ ವ್ಯಾಪಾರ ಮಾಡುವವರನ್ನು ಮನೋವೈದ್ಯರಿಗೆ ತೋರಿಸುತ್ತಾರೆ. ಬೇಸ್‌ಬಾಲ್‌ಗಾಗಿಯೇ ಹುಟ್ಟಿದ ಪೆಟ್ಟಿಗೆಯ ಮೇಲೆ ಕಣ್ಣು ಕೆಂಪಗೆ ಮಾಡಿದವರಲ್ಲಿ ಬೇಸ್‌ಬಾಲ್ ಲೀಗಿನವರೂ ಇದ್ದರು. ಒಂದೊಂದು ಪ್ರದೇಶಕ್ಕೆ ಒಂದೊಂದು ಬೆಲೆಗೆ ಪ್ರಸಾರದ ಹಕ್ಕು ಮಾರಿಕೊಂಡಿದ್ದೇವೆ, ನೀವು ನಡುವೆ ಬೇಲಿ ಹಾರಿದರೆ ಹೇಗೆ ಎಂಬುದು ಅವರ ತಕರಾರು. ಬೇಲಿ ಹಾರುವುದೇನೂ ನಿಲ್ಲಲಿಲ್ಲ. 2007ರಲ್ಲಿ ಎಕೋಸ್ಟಾರ್ ಸಂಸ್ಥೆ 38 ಕೋಟಿ ಡಾಲರ್ ಕೊಟ್ಟು ಇಡೀ ಕಂಪನಿಯನ್ನೇ ಕೊಂಡಿತು.

ನಮ್ಮಣ್ಣ ಇರುವುದು ಫ್ರೀಮಾಂಟಿನಲ್ಲಿ. ಕೊಲ್ಲಿಯ ಮೇಲಿನ ಸೇತುವೆ ದಾಟಿದರೆ ಸ್ಯಾನ್ ಮಟಿಯೊ. ರಜೆಗೆ ಬರುವಾಗ ಬಾದಾಮಿ, ಚಾಕೊಲೇಟುಗಳ ನಡುವೆ ಈ ಪೆಟ್ಟಿಗೆಯನ್ನೂ ತಂದ. ಅವನ ಮನೆಯ ಪಕ್ಕದಲ್ಲೇ ಹುಟ್ಟಿದ ಯಂತ್ರ ಸಾಗರ ದಾಟಿ ಮೈಸೂರಿಗೆ ಬಂದು, ಮೈಸೂರಿನ ಟಿವಿಯನ್ನು ಮತ್ತೆ ಸಾಗರ ದಾಟಿಸಿ ಅವನ ಮನೆಗೇ ಕಳಿಸಬೇಕು. ಆ ಕಂಪನಿಯ ಇಂಜಿನಿಯರುಗಳ ಕಚೇರಿ ಬೆಂಗಳೂರಿನಲ್ಲೂ ಇತ್ತೆಂಬುದು ನನಗೆ ತಿಳಿದದ್ದು ಆಮೇಲೆ.

ಜೋಡಣೆ ಕಷ್ಟದ್ದೇನಲ್ಲ. ಸೆಟ್ ಟಾಪ್ ಬಾಕ್ಸಿನ ಕೆಂಪು, ಬಿಳಿ, ಹಳದಿ ಪಿನ್ನುಗಳ ವೈರು ಇದಕ್ಕೆ; ಇದರಿಂದ ಇನ್ನೊಂದು ವೈರು ಮೋಡೆಮ್ಮಿಗೆ. ಪೆಟ್ಟಿಗೆ ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿ ಇಂಟರ್ನೆಟ್ಟಿಗೆ ಏರಿಸುತ್ತದೆ. ಏರಿಸುವುದೇ ತೊಂದರೆ. ನಮ್ಮ ದೇಶದಲ್ಲಿ ಆಗ 256 ಕೆಬಿಪಿಎಸ್ ಇದ್ದರೂ ಅದಕ್ಕೆ ಬ್ರಾಡ್‌ಬ್ಯಾಂಡ್ ಎಂಬ ಸರ್ಕಾರಿ ಬಿರುದು ಸಿಗುತ್ತಿತ್ತು, ಅದೂ ಇಳಿಯುವ ದಿಕ್ಕಿನಲ್ಲಿ. ಅಣ್ಣ ದುಬಾರಿ ಪ್ಲಾನು ಹಾಕಿಸಿದ. ಆದರೂ ಸಂಜೆ ಹೊತ್ತು ಬೀದಿಯವರೆಲ್ಲ ಇಂಟರ್ನೆಟ್ಟಿಗೆ ಬಂದರೆ, ಫ್ರೀಮಾಂಟಿನಲ್ಲಿ ಕ್ರಿಕೆಟ್ ನೋಡುವವನು ಬೌಲರ್ ಯಾರು, ಅಂಪೈರ್ ಯಾರು ಎಂದು ಊಹಿಸಬೇಕಾಗುತ್ತಿತ್ತು.

ಮುಖ್ಯವಾದದ್ದು ಇನ್ನೊಂದು ಸಣ್ಣ ವೈರು. ಅದರ ತುದಿಯಲ್ಲಿ ಕಡಲೆಬೇಳೆಯಷ್ಟು ಗಾತ್ರದ ಒಂದು ಕಣ್ಣು. ಅದನ್ನು ಸೆಟ್ ಟಾಪ್ ಬಾಕ್ಸಿನ ಮುಖಕ್ಕೆ ಅಂಟಿಸಿದರೆ, ಅಣ್ಣ ಅಲ್ಲಿ ಕಂಪ್ಯೂಟರಿನಲ್ಲಿ ಒತ್ತಿದ ಗುಂಡಿ ಇಲ್ಲಿ ರಿಮೋಟು ಒತ್ತಿದ ಹಾಗೆ ಕೆಲಸ ಮಾಡುತ್ತದೆ. ಈ ವೈರು ಅಂಟಿಸುವ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರೂ ಒಂದು ವಿಷಯ ಯೋಚಿಸಿರಲಿಲ್ಲ. ಕ್ರಿಕೋರಿಯನ್ ಸೋದರರ ಸೋಫಾ ಖಾಲಿಯಿತ್ತು. ನಮ್ಮ ಸೋಫಾದ ಮೇಲೆ ಅಮ್ಮ ಇದ್ದಳು.

ಸೆಟ್ ಟಾಪ್ ಬಾಕ್ಸ್ ಒಂದೇ. ಅಲ್ಲಿ ಚಾನೆಲ್ ಬದಲಿಸಿದರೆ ಇಲ್ಲೂ ಬದಲು. ರಾತ್ರಿ ಎಂಟೂವರೆಗೆ ಇಲ್ಲಿ ಅಮ್ಮ ಬಟಾಣಿ ಸುಲಿಯುತ್ತ ಧಾರಾವಾಹಿಯ ಮುಂದೆ ಕೂತರೆ, ಬೇಸಿಗೆಯಲ್ಲಿ ಫ್ರೀಮಾಂಟಿನಲ್ಲಿ ಬೆಳಿಗ್ಗೆ ಎಂಟು ಗಂಟೆ. ಅಣ್ಣ ಕಾಫಿ ಹಿಡಿದು ಟಿವಿ ಹಾಕುವ ಹೊತ್ತು. ಅತ್ತೆ ಸೊಸೆಯ ಹಾಲಿಗೆ ಏನೋ ಬೆರೆಸುತ್ತಿದ್ದಾಳೆ, ಸೊಸೆ ಲೋಟ ಎತ್ತಿದ್ದಾಳೆ, ಅಷ್ಟರಲ್ಲಿ ಪರದೆಯ ಮೇಲೆ ನೋ ಬಾಲ್.

“ಲೋ, ಅವಳು ಕುಡಿದಳೋ ಇಲ್ಲವೋ ನೋಡಿಬಿಡ್ತೀನಿ ತಡಿಯೋ!” ಎಂದು ಅಮ್ಮ ಟಿವಿಯನ್ನೇ ಗದರಿಸುತ್ತಿದ್ದಳು. ಟಿವಿ ನೋಡುವುದಕ್ಕೆ ಬಂದ ಪಕ್ಕದ ಮನೆಯ ಆಂಟಿಗೆ ಮೊದಲ ಸಲ ಎದೆ ಝಲ್ಲೆಂದಿತು. ಯಾರೂ ಮುಟ್ಟದೆ ಚಾನೆಲ್ ಬದಲಾಗುತ್ತದೆ, ಒಡತಿ ಅದೃಶ್ಯರ ಜೊತೆ ಏಕವಚನದಲ್ಲಿ ಜಗಳವಾಡುತ್ತಾಳೆ. “ಒಂದು ಶಾಂತಿ ಮಾಡಿಸಿಬಿಡಿ” ಎಂದರು. “ಶಾಂತಿ ಮಾಡಿಸೋಕೆ ಅವನೇ ಬರಬೇಕಲ್ಲ” ಎಂದಳು ಅಮ್ಮ.

ಅಣ್ಣನನ್ನು ದೂರುವಂತೆಯೂ ಇರಲಿಲ್ಲ. ಹನ್ನೆರಡೂವರೆ ಗಂಟೆಯ ಆಚೆ ಕೂತು ರಿಮೋಟಿಗಾಗಿ ಜಗಳವಾಡುವ ಸುಖ ಎಷ್ಟು ಜನಕ್ಕೆ ಸಿಗುತ್ತದೆ? ಮನೆ ಬಿಟ್ಟು ಹೋದವನು ಮತ್ತೆ ನಮ್ಮ ಹಾಲಿನಲ್ಲಿ ಕಾಲು ಚಾಚಿಕೊಂಡಿದ್ದ, ಹಳೆಯ ದೌಲತ್ತಿನ ಸಮೇತ. ನಾನು ಹೈಸ್ಕೂಲಿನಲ್ಲಿದ್ದಾಗ ಎದ್ದು ಹೋಗಿ ಚಾನೆಲ್ ಬದಲಿಸಿ ಬರುವ ಕೆಲಸ ನನ್ನದಾಗಿತ್ತು; ಈಗ ಸಡಿಲವಾದ ಆ ಕಣ್ಣನ್ನು ಟೇಪು ಹಾಕಿ ಅಂಟಿಸುವ ಕೆಲಸ. ಬಡ್ತಿಯೆಂದರೆ ಇದೇ.

2011ರ ವಿಶ್ವಕಪ್ ಫೈನಲ್ ದಿನ ಅವನು ರಾತ್ರಿ ಎರಡಕ್ಕೇ ಎದ್ದು ಕೂತಿದ್ದ. ಕೊನೆಕೊನೆಗೆ ಸಂಭ್ರಮ ಒಟ್ಟಿಗೆ ಪಡೋಣವೆಂದು ಫೋನನ್ನೂ ಹಚ್ಚಿಕೊಂಡ. ಅಲ್ಲೇ ಎಡವಟ್ಟಾಯಿತು. ಚಿತ್ರ ಹಿಂಡಿಸಿಕೊಂಡು, ಸಾಗರ ದಾಟಿ, ಅಲ್ಲಿ ಬಿಚ್ಚಿಕೊಳ್ಳುವುದಕ್ಕೆ ಕೆಲವು ಸೆಕೆಂಡು ಬೇಕು. ಫೋನಿನಲ್ಲಿ ಕೂಗು ಹೋಗುವುದಕ್ಕೆ ಅಷ್ಟು ಬೇಡ. ಧೋನಿ ಸಿಕ್ಸರ್ ಹೊಡೆದ, ಅಮ್ಮ ಕಿರುಚಿದಳು. ಫ್ರೀಮಾಂಟಿನ ಪರದೆಯಲ್ಲಿ ಬೌಲರ್ ಕುಲಶೇಖರ ಇನ್ನೂ ಓಡಿಕೊಂಡು ಬರುತ್ತಿದ್ದ. ಭಾರತ ಗೆದ್ದದ್ದು ಅಣ್ಣನಿಗೆ ಕುಲಶೇಖರನಿಗಿಂತ ಮೊದಲೇ ಗೊತ್ತಾಯಿತು. ಆಮೇಲೆ ಬಹಳ ವರ್ಷ ಪಂದ್ಯದ ದಿನ ನಮ್ಮ ಫೋನು ಎತ್ತುತ್ತಿರಲಿಲ್ಲ.

ಅಮ್ಮನ ಮೊದಲ ವಿಜಯ ಆಕಸ್ಮಿಕ. ಟಿವಿ ಸ್ಟ್ಯಾಂಡು ಬೋಳುಬೋಳಾಗಿ ಕಾಣುತ್ತದೆಂದು ತಾನೇ ಕಸೂತಿ ಹಾಕಿದ ಒಂದು ಬಟ್ಟೆಯನ್ನು ಪೆಟ್ಟಿಗೆಗಳ ಮೇಲೆ ಹೊದಿಸಿದಳು. ಎಳೆದ ರಭಸಕ್ಕೆ ಕಣ್ಣು ಕಿತ್ತು ಹಿಂದಕ್ಕೆ ಬಿತ್ತು. ಅಣ್ಣ ಎಷ್ಟು ಒತ್ತಿದರೂ ಚಾನೆಲ್ ಬದಲಾಗದು. ಅವನು ಸುಮ್ಮನೆ ಕೂತು ಅತ್ತೆಸೊಸೆಯರನ್ನು ಪೂರ್ತಿ ನೋಡಿದ. ಸೊಸೆ ಹಾಲು ಕುಡಿಯಲಿಲ್ಲ.

ಎರಡನೆಯದು ಮಾತ್ರ ಆಕಸ್ಮಿಕವಲ್ಲ. ಒಂದು ಸಲ ಕರೆಂಟು ಹೋದಾಗ ಐದೇ ನಿಮಿಷಕ್ಕೆ ಅಮೆರಿಕದಿಂದ ಫೋನು ಬಂತು: “ಏನಮ್ಮಾ, ಬಾಕ್ಸ್ ಆಫ್ ಆಗಿದೆ?” ಹಬ್ಬಕ್ಕೂ ಎರಡು ಸಲ ನೆನಪಿಸಬೇಕಾದ ಮಗ, ತಾನಾಗಿಯೇ! ಅಮ್ಮ ಅವತ್ತು ಆ ಪೆಟ್ಟಿಗೆಯ ಸ್ವಿಚ್ಚನ್ನು ನೋಡಿದ ರೀತಿ ನಾನು ಮರೆತಿಲ್ಲ. ಅಲ್ಲಿಂದ ಮುಂದೆ ಮಗನ ಜೊತೆ ಮಾತಾಡಬೇಕೆನಿಸಿದರೆ ಅವಳು ಫೋನು ಮುಟ್ಟುತ್ತಿರಲಿಲ್ಲ. ಸ್ವಿಚ್ ಆರಿಸಿ ಫೋನಿನ ಪಕ್ಕ ಕೂರುತ್ತಿದ್ದಳು. ಊಟ ಆಯ್ತಾ, ಮಗುವಿನ ಕೆಮ್ಮು ಹೇಗಿದೆ, ಅಲ್ಲಿ ಮಳೆಯಾ, ಎಲ್ಲ ಕೇಳಿ ಮುಗಿಸಿ, “ನೋಡ್ತೀನಿ ಇರು, ವೈರೇನಾದರೂ ಸಡಿಲ ಆಗಿರಬೇಕು” ಎಂದು ಹೇಳಿ ಮತ್ತೆ ಸ್ವಿಚ್ ಹಾಕುವಳು. ಅಣ್ಣ ನನಗೆ ಬರೆಯುತ್ತಿದ್ದ: ಪವರ್ ಸಪ್ಲೈ ಒಮ್ಮೆ ಚೆಕ್ ಮಾಡಿಸು. ನಾನು ಮಾಡಿಸುತ್ತೇನೆ ಎಂದು ಉತ್ತರಿಸುತ್ತಿದ್ದೆ. ಮನೆಯಲ್ಲಿ ಯಾರ ಪಕ್ಷ ವಹಿಸಬೇಕೆಂಬುದು ಅನ್ನ ಯಾರು ಬಡಿಸುತ್ತಾರೆ ಎಂಬುದರ ಮೇಲೆ ನಿಂತಿರುತ್ತದೆ.

ಪಂದ್ಯ, ಸಿನಿಮಾ, ಸುದ್ದಿ ಎಲ್ಲವೂ ಆಪುಗಳಿಗೆ ಬಂದಮೇಲೆ ಸ್ಲಿಂಗ್‌ಬಾಕ್ಸಿನ ಅಗತ್ಯ ಕರಗಿತು. ನಿಲ್ಲಿಸುತ್ತೇವೆಂದು ಕಂಪನಿ 2020ರಲ್ಲೇ ತಿಳಿಸಿತ್ತು. 2022ರ ನವೆಂಬರ್ 9ರಂದು ಅದರ ಸರ್ವರುಗಳು ಬಂದ್ ಆದವು. ಅಮ್ಮನಿಗೆ ರಿಮೋಟಿನ ಮೇಲೆ ಏಕಸ್ವಾಮ್ಯ ಸಿಕ್ಕಿತು. ಖುಷಿಪಟ್ಟಳು ಎಂದುಕೊಂಡಿದ್ದೆ, ಆದರೆ ಸ್ವಿಚ್ ಆರಿಸಿದರೂ ಫೋನು ಬರುತ್ತಿಲ್ಲವೆಂದು ನನ್ನ ಮೇಲೆ ರೇಗಿದಳು.

ಹೋದ ವರ್ಷ ಅಣ್ಣ ಬಂದಾಗ, ಅಮ್ಮನಿಗೆ ವಯಸ್ಸಾಯಿತು, ಬಿದ್ದುಗಿದ್ದರೆ ಗೊತ್ತಾಗಲಿ ಎಂದು ಹಾಲಿನ ಮೂಲೆಗೆ ವೈಫೈ ಕ್ಯಾಮೆರಾ ಹಾಕಿಸಿದ. ಮೊದಲು ನಮ್ಮ ಟಿವಿ ನೋಡುತ್ತಿದ್ದವನು ಈಗ ನಾವು ಟಿವಿ ನೋಡುವುದನ್ನು ನೋಡುತ್ತಾನೆ. ಅದಕ್ಕೆ ಸ್ಪೀಕರು ಬೇರೆ ಇದೆ. “ಅಮ್ಮಾ, ಸೌಂಡು ಸ್ವಲ್ಪ ಕಮ್ಮಿ ಮಾಡು” ಎಂದು ಗೋಡೆ ಮಾತಾಡುತ್ತದೆ.

ಮೊನ್ನೆ ಅಮ್ಮ ಬೀರುವಿನಿಂದ ಅದೇ ಕಸೂತಿ ಬಟ್ಟೆ ತೆಗೆದು, ಕ್ಯಾಮೆರಾಕ್ಕೆ ಹೊದಿಸು ಎಂದು ನನ್ನನ್ನು ಸ್ಟೂಲು ಹತ್ತಿಸಿದಳು. ನಾನು ಇಳಿಯುವುದರೊಳಗೆ ಫೋನು ಹೊಡೆದುಕೊಂಡಿತು. ಎತ್ತಲು ಹೋದೆ.

“ಇರು, ಅವಸರವೇನು? ಜಾಹೀರಾತು ಬರಲಿ” ಎಂದಳು.