ಕೊಟೇಶನ್ ಕಾಕಾ

ಕೊಟೇಶನ್ ಕಾಕಾ ಅವರನ್ನು ಕೃಪಣರೆಂದು ಕರೆಯುವವರು ಅವರನ್ನು ಬಲ್ಲವರಲ್ಲ. ಕೃಪಣನಾದವನು ಹಣ ವ್ಯಯವಾದೀತೆಂಬ ಭಯದಿಂದ ಅಂಗಡಿಯ ಮೆಟ್ಟಿಲನ್ನೇ ತುಳಿಯನು. ನಮ್ಮ ಕಾಕಾ ಆದರೋ ವಿಜಯಪುರದ ಗಾಂಧಿ ಚೌಕಿನ ಸುತ್ತಣ ಪೇಟೆಯಲ್ಲಿ ತುಳಿಯದ ಮೆಟ್ಟಿಲಿಲ್ಲ, ಕುಳಿತು ನೋಡದ ಕುರ್ಚಿಯಿಲ್ಲ, ಅವರಿಗೆ ಚಹಾ ತರಿಸದ ಅಂಗಡಿಕಾರನಿಲ್ಲ. ದರವೊಂದು ಕಾಗದದ ಮೇಲೆ, ಅಂಗಡಿಯ ಮೊಹರು ಮತ್ತು ತಾರೀಖಿನ ಸಹಿತ ಕೈಗೆ ಬಂದಿತೆಂದರೆ, ಇತರರಿಗೆ ವಸ್ತುವನ್ನೇ ಮನೆಗೆ ತಂದಾಗ ಉಂಟಾಗುವ ತೃಪ್ತಿಯು ಅವರ ಮುಖದಲ್ಲಿ ಪ್ರಕಾಶಿಸುವುದು. ಆ ಬಳಿಕ ವಸ್ತುವನ್ನು ಕೊಳ್ಳುವುದು ಅವರ ದೃಷ್ಟಿಯಲ್ಲಿ ಒಂದು ಔಪಚಾರಿಕ ಕ್ರಿಯೆ. ಅದನ್ನು ಯಾರು ಬೇಕಾದರೂ ಮಾಡಬಹುದು.

ಇಂಥ ಪುರುಷರು ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿಯೂ ಉಂಟು, ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿಯೂ ಉಂಟು. ಸರಕಾರಿ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ಆಯುಷ್ಯವನ್ನು ಸವೆಸಿ ನಿವೃತ್ತರಾದವರು ಇರುವ ಊರುಗಳಲ್ಲೆಲ್ಲ ಅವರು ಇದ್ದೇ ಇರುವರು. ಒಂದು ಡಬ್ಬಿ ಗುಂಡುಸೂಜಿಯನ್ನು ತರಿಸಬೇಕಾದರೂ ಮೂರು ಕೊಟೇಶನ್ನುಗಳನ್ನು ಪಡೆದು, ತುಲನಾತ್ಮಕ ತಖ್ತೆಯನ್ನು ರಚಿಸಿ, ಕನಿಷ್ಠ ದರದ ಎದುರಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಮೇಲಧಿಕಾರಿಯ ಟೇಬಲ್ಲಿಗೆ ಕಡತವನ್ನು ಏರಿಸಿದ ಕೈಗಳು, ನಿವೃತ್ತಿಯ ಮರುದಿನದಿಂದ ಸುಮ್ಮನೆ ಇರಬೇಕೆಂದರೆ ಹೇಗೆ ತಾನೆ ಇದ್ದಾವು? ಅಲ್ಲಿ ಸರಕಾರದ ಹಣಕ್ಕೆ ಇದ್ದ ಶಿಸ್ತನ್ನು ಇಲ್ಲಿ ಪಿಂಚಣಿಯ ಹಣಕ್ಕೆ ಅನ್ವಯಿಸಿದರು, ಅಷ್ಟೆ. ಕಾಕಾ ಅವರ ಬಗಲಿಗೆ ಜೋತುಬೀಳುವ ಬಟ್ಟೆಚೀಲದಲ್ಲಿ ಮಿಕ್ಸರಿನಿಂದ ಮೊದಲುಗೊಂಡು ಬೋರಿನ ಮೋಟಾರಿನವರೆಗೆ ವಿವಿಧ ವಸ್ತುಗಳ ಕೊಟೇಶನ್ನುಗಳು ಅಕಾರಾದಿಯಾಗಿ ಇರುವವೆಂದು ಪ್ರತೀತಿ.

ಇಂಥವರ ಮನೆಯ ಬಾಗಿಲೇ ಕೆಟ್ಟಿತು. ಪುಣೆಯಲ್ಲಿ ಉದ್ಯೋಗದಲ್ಲಿರುವ ಮಗನು ಆಶ್ರಮ ರಸ್ತೆಯ ಕಡೆಯಲ್ಲಿ ಮನೆಯನ್ನು ಕಟ್ಟಿಸಿದಾಗ, ಪಡಸಾಲೆಗೂ ಹಿತ್ತಲಿಗೂ ನಡುವೆ, ಪುಣೆಯ ಅಪಾರ್ಟ್‌ಮೆಂಟುಗಳಲ್ಲಿ ಇರುವಂತೆ, ನೆಲದಿಂದ ಚೌಕಟ್ಟಿನ ತಲೆಯವರೆಗೆ ಗಾಜೇ ಇರುವ ಒಂದು ಸ್ಲೈಡಿಂಗ್ ಬಾಗಿಲನ್ನು ಕೂಡಿಸಿದ್ದನು. ಸಾಗವಾನಿಯ ಹೆಬ್ಬಾಗಿಲು, ಹಿತ್ತಾಳೆಯ ಚಿಲಕ, ತಲೆ ಬಾಗಿಸಿ ಒಳಗೆ ಬರಬೇಕಾದ ಗಿಡ್ಡ ಬಾಗಿಲವಾಡ ಇವುಗಳ ನಡುವೆ ಬೆಳೆದ, ಕಾಕಾ ಅವರ ಪತ್ನಿ ಕಾಕು ಅವರಿಗೆ, ಮುಂದಕ್ಕೂ ತೆರೆಯದೆ ಹಿಂದಕ್ಕೂ ತೆರೆಯದೆ ಪಕ್ಕಕ್ಕೆ ಜಾರಿಹೋಗುವ ಈ ಬಾಗಿಲಿನಲ್ಲಿ ಮೊದಲಿನಿಂದಲೂ ವಿಶ್ವಾಸವಿರಲಿಲ್ಲ. ಅವರ ಅವಿಶ್ವಾಸವು ನಿಷ್ಕಾರಣವಾದುದೂ ಅಲ್ಲ. ಸ್ಲೈಡಿಂಗ್ ಬಾಗಿಲು ಕೆಳಗಿನ ಟ್ರ್ಯಾಕಿನಲ್ಲಿ ಸಣ್ಣ ರೋಲರುಗಳ ಮೇಲೆ ಓಡತಕ್ಕದ್ದು. ವಿಜಯಪುರದ ಗಾಳಿಯೋ, ಬೇಸಗೆಯ ನಾಲ್ಕು ತಿಂಗಳು ಧೂಳನ್ನು ಹೊತ್ತು ತಂದು ತಗ್ಗು ಕಂಡಲ್ಲಿ ಇಳಿಸಿ ಹೋಗತಕ್ಕದ್ದು. ಆಷಾಢದ ಒಂದು ಸಂಜೆ ಬಾಗಿಲು ಅರ್ಧಕ್ಕೆ ನಿಂತಿತು. ಅಡ್ಡವಾಗಿ ತಿರುಗಿದರೆ ಮನುಷ್ಯರು ದಾಟಬಹುದು, ತುಂಬಿದ ಕೊಡ ದಾಟದು.

“ಬಾಗಲಾ ಬದಲಿ ಮಾಡಸ್ರಿ,” ಎಂದರು ಕಾಕು.

“ಎಷ್ಟ ಆಗತೈತಿ ಕೇಳ್ಕೊಂಡ ಬರತೇನಿ,” ಎಂದರು ಕಾಕಾ, ಚೀಲವನ್ನು ಬಗಲಿಗೇರಿಸುತ್ತ. ಆ ಸಂಜೆ ಅವರ ನಡಿಗೆಯಲ್ಲಿ ಹತ್ತು ವರ್ಷದ ಪ್ರಾಯ ಇಳಿದಿತ್ತೆಂದು ಕಂಡವರು ಹೇಳುವರು.

ಅನಂತರದ ವಿಚಾರಣೆಯು ಒಂದು ಶಾಸ್ತ್ರಾಧ್ಯಯನದ ಗಾಂಭೀರ್ಯವನ್ನು ತಾಳಿತು. ಬಾಗಿಲಿನ ದರವನ್ನು ಬಾಗಿಲಿಗೆ ಇಷ್ಟೆಂದು ಹೇಳದೆ ಚದರಡಿಗೆ ಇಷ್ಟೆಂದು ಹೇಳುವ ಪದ್ಧತಿಯನ್ನು ಕೇಳಿ ಅವರಿಗೆ ಪರಮಾನಂದವಾಯಿತು; ಗುಣಾಕಾರಕ್ಕೆ ಅವಕಾಶವಿಲ್ಲದ ದರವು ಅವರಿಗೆ ಎಂದೂ ರುಚಿಸಿದ್ದಲ್ಲ. 7 ಅಡಿ ಎತ್ತರ, 8 ಅಡಿ ಅಗಲ, ಒಟ್ಟು 56 ಚದರಡಿ. ಅಲ್ಯೂಮಿನಿಯಂ ಸೆಕ್ಷನ್ನಿನದಾದರೆ ಒಂದು ದರ, ಯುಪಿವಿಸಿ ಆದರೆ ಮತ್ತೊಂದು. ಎರಡು ಟ್ರ್ಯಾಕಿನದೋ, ಸೊಳ್ಳೆಜಾಳಿಗೆಯ ಸಹಿತ ಮೂರು ಟ್ರ್ಯಾಕಿನದೋ. ಗಾಜು 5 ಮಿಲಿಮೀಟರಿನದೋ, 8 ಮಿಲಿಮೀಟರಿನದೋ. ಸಾದಾ ಗಾಜೋ, ಟಫನ್ಡ್ ಗಾಜೋ. ಒಬ್ಬ ಅಂಗಡಿಕಾರನು ಚದರಡಿಗೆ 750 ರೂಪಾಯಿಯಂತೆ 42,000 ಎಂದನು. ಕಾಕಾ ಎದ್ದು ಹೊರಟು ಹೊಸ್ತಿಲಲ್ಲಿ ನಿಂತು, ಅನುಭವಸ್ಥರು ಮಾತ್ರ ಕೇಳಬಲ್ಲ ಪ್ರಶ್ನೆಯನ್ನು ಕೇಳಿದರು: “ಎಲ್ಲಾ ಸೇರಿ ಹೇಳಿದ್ಯೋ ತಮ್ಮಾ?” ಸೇರಿರಲಿಲ್ಲ. 18 ಪ್ರತಿಶತ ಜಿಎಸ್‌ಟಿ 7,560. ಹಳೆಯ ಬಾಗಿಲನ್ನು ಕೀಳುವ ಕೂಲಿ, ಕಿತ್ತಾಗ ಉದುರುವ ಗಿಲಾವಿಗೆ ಗೌಂಡಿ, ಸಾಗಾಟ, ಫಿಟ್ಟಿಂಗು, ಸಿಲಿಕಾನು, ಲಾಕು ಎಲ್ಲವೂ ಬೇರೆ. ಬಾಗಿಲೊಂದನ್ನು ಬಿಟ್ಟು ಉಳಿದುದೆಲ್ಲ ಬೇರೆಯೆಂದು ಕಾಕಾ ಮನೆಗೆ ಬಂದು ವರದಿಯನ್ನು ಒಪ್ಪಿಸಿದರು.

ಟಫನ್ಡ್ ಗಾಜಿನ ವಿಷಯದಲ್ಲಿ ಅವರು ಸಂಪಾದಿಸಿದ ಪಾಂಡಿತ್ಯವನ್ನು ಇಲ್ಲಿ ಹೇಳದಿದ್ದರೆ ಅವರಿಗೆ ಅನ್ಯಾಯವಾದೀತು. ಆ ಗಾಜನ್ನು 600 ಡಿಗ್ರಿಗೂ ಮೀರಿ ಕಾಯಿಸಿ, ಗಾಳಿ ಬೀಸಿ ತಟಕ್ಕನೆ ತಣಿಸುವರೆಂದೂ, ಒಡೆದರೆ ಚೂರಿಯಂಥ ಚೂರುಗಳಾಗದೆ ಕಲ್ಲುಸಕ್ಕರೆಯ ಹರಳುಗಳಾಗಿ ಉದುರುವುದೆಂದೂ, ಹಾಗೆ ಹದಗೊಳಿಸಿದ ಮೇಲೆ ಕತ್ತರಿಸಲು ಬಾರದೆಂದೂ, ಆದಕಾರಣ ಅಳತೆಯಲ್ಲಿ ಒಂದು ನೂಲು ತಪ್ಪಿದರೂ ಇಡೀ ಗಾಜು ವ್ಯರ್ಥವೆಂದೂ ಅವರು ಚಹಾದಂಗಡಿಯಲ್ಲಿ ವಿವರಿಸುವಾಗ, ಬಾಗಿಲಿನ ಗೊಡವೆಯೇ ಇಲ್ಲದ ಟಾಂಗಾವಾಲಾನೂ ಲಗಾಮನ್ನು ಕೈಯಲ್ಲಿ ಹಿಡಿದು ಕೇಳುತ್ತ ನಿಲ್ಲುವನು. ಅಳತೆ ತಪ್ಪಿದರೆ ನಷ್ಟವು ಯಾರ ಪಾಲಿಗೆ ಎಂಬ ಪ್ರಶ್ನೆಯನ್ನು ಅವರು ಪ್ರತಿಯೊಂದು ಅಂಗಡಿಯಲ್ಲಿಯೂ ಎತ್ತಿದರು. ಲಿಖಿತ ಉತ್ತರವನ್ನು ಕೊಟ್ಟವರು ಯಾರೂ ಇಲ್ಲ.

ಚೌಕಾಶಿಯಲ್ಲಿ ಅವರು ಪ್ರಯೋಗಿಸುವ ದೃಷ್ಟಾಂತಗಳು ಊರಿನ ಚರಿತ್ರೆಯಿಂದಲೇ ಆಯ್ದವು. ಶೆರ್ಜಾ ಬುರುಜಿನ ಮೇಲೆ ಇರುವ, 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ತೂಕದಲ್ಲಿ ಸುಮಾರು 55 ಟನ್ನು. ಅದನ್ನು 1854ರಲ್ಲಿ ಲಿಲಾವಿಗೆ ಇಟ್ಟಾಗ ಬಂದ ಸವಾಲು 150 ರೂಪಾಯಿ. ಮಾರಾಟವನ್ನು ರದ್ದುಪಡಿಸಿದ್ದರಿಂದ ತೋಪು ಊರಿನಲ್ಲಿ ಉಳಿಯಿತು. ಈ ವೃತ್ತಾಂತವನ್ನು ಕೇಳಿ ಅನ್ಯರು ತೋಪು ಉಳಿದುದಕ್ಕಾಗಿ ಸಂತೋಷಪಡುವರು. ಕಾಕಾ ಅವರು 150ನ್ನು ತೂಕದಿಂದ ಭಾಗಿಸಿ, ಈಗಿನ ಲೆಕ್ಕದಲ್ಲಿ ಕಿಲೋಗೆ ಕಾಲು ಪೈಸೆಯ ಮೇಲೆ ಚೂರು ಆಯಿತೆಂದು ನಿಟ್ಟುಸಿರು ಬಿಡುವರು. “ಪಂಚಲೋಹಾನ ಆ ರೇಟಿಗೆ ಇತ್ತಂದ್ರ, ನೀ ಪೊಳ್ಳ ಅಲ್ಯೂಮಿನಿಯಂಗ ಇಷ್ಟ ಹೇಳತೀಯಲ್ಲೋ?”

ಹಾಗೆಯೇ ಇಬ್ರಾಹಿಂ ರೋಜಾ. ಆ ಸ್ಮಾರಕದ ಶಾಸನದಲ್ಲಿ, ಕಟ್ಟಿಸಿದ ಮಲಿಕ್ ಸಂದಲನು ಒಂದೂವರೆ ಲಕ್ಷ ಹೊನ್ನು ಮತ್ತು ಅದರ ಮೇಲೆ 900 ವೆಚ್ಚ ಮಾಡಿದನೆಂದು ಕೆತ್ತಿದೆ. ಕಲೆಯನ್ನು ನೋಡಲು ಹೋದವರು ಕಲ್ಲಿನಲ್ಲಿ ಬಿಡಿಸಿದ ಅಕ್ಷರದ ಜಾಲಂಧ್ರಗಳನ್ನು ನೋಡಿ ಬೆರಗಾಗುವರು. ಕಾಕಾ ಅವರು ಬೆರಗಾಗುವುದು ಆ 900ಕ್ಕೆ. ಒಂದೂವರೆ ಲಕ್ಷಕ್ಕೆ ಒಪ್ಪಂದವಾಗಿರಬೇಕು, 900 ‘ಫಿಟ್ಟಿಂಗ್ ಬೇರೆ’ ಎಂದು ಆಮೇಲೆ ಹತ್ತಿರಬೇಕು ಎಂಬುದು ಅವರ ಸಿದ್ಧಾಂತ. ಲೆಕ್ಕವನ್ನು ಮುಚ್ಚಿಡದೆ ಕಲ್ಲಿನ ಮೇಲೆ ಬರೆಸಿದ ಆ ಪ್ರಾಮಾಣಿಕತೆಗೆ ಅವರು ಮನಸಾರೆ ನಮಸ್ಕರಿಸುವರು. ನನಗೂ ಇದು ಇತಿಹಾಸಕಾರರು ಗಮನಿಸಬೇಕಾದ ಅಭಿಪ್ರಾಯವೆಂದೇ ತೋರುತ್ತದೆ.

ಆದರೆ ಗಾಂಧಿ ಚೌಕಿನ ವ್ಯಾಪಾರಿಗಳೂ ಅದೇ ಊರಿನ ನೀರನ್ನು ಕುಡಿದವರು. ಒಬ್ಬನು, ನಾಲ್ಕನೆಯ ಸಲ ಅದೇ ದರವನ್ನು ಹೇಳಿದ ಬಳಿಕ, ಲೆಕ್ಕದ ಯಂತ್ರವನ್ನು ಬದಿಗಿಟ್ಟು ಕೈಮುಗಿದನಂತೆ: “ಕಾಕಾರ, ಬಾರಾ ಕಮಾನ್ ನೋಡೀರಲ್ರಿ? ಛಾವಣಿ ಆಗ್ಲಿಲ್ಲ, ಗುಮ್ಮಟಾ ಆಗ್ಲಿಲ್ಲ. ಆ ಬಾದಶಹಾಗ ಯಾರೋ ಇನ್ನೊಂದ ಕೊಟೇಶನ್ ತಗೋರಿ ಅಂದಿರಬೇಕ್ರಿ.”

ಕಾಕಾ ನಕ್ಕರು, ಆದರೆ ಆ ಅಂಗಡಿಯ ಕೊಟೇಶನ್ನನ್ನೂ ಮರೆಯದೆ ಚೀಲಕ್ಕೆ ಹಾಕಿಕೊಂಡರು.

ಅವರ ಮನಸ್ಸಿಗೆ ನಿಜವಾದ ಪೆಟ್ಟು ಬಿದ್ದುದು ತಿಕೋಟಾದ ಕಡೆಯಿಂದ. ಅಲ್ಲಿ ದ್ರಾಕ್ಷಿತೋಟ ಮಾಡಿರುವ ಅವರ ಹತ್ತಿರದ ಬಂಧುವೊಬ್ಬನು ಹೊಸ ಮನೆಗೆ ಅಂಥದೇ ಎರಡು ಬಾಗಿಲುಗಳನ್ನು, ಒಂದೇ ಅಂಗಡಿಯಲ್ಲಿ, ಒಂದೇ ಮಾತಿನಲ್ಲಿ ಕೊಂಡುಬಿಟ್ಟನು. ಹೆಚ್ಚು ಹಣ ತೆತ್ತನೆಂದು ಕಾಕಾ ದುಃಖಿಸಲಿಲ್ಲ; ಎಷ್ಟು ಹೆಚ್ಚು ತೆತ್ತೆನೆಂಬುದನ್ನು ಅವನು ತಿಳಿಯದೆ ಸುಖವಾಗಿರುವನಲ್ಲ ಎಂದು ದುಃಖಿಸಿದರು. ಕೇಳಿದ್ದಕ್ಕೆ ಆತನು, “ವರ್ಷಾ ಒಣದ್ರಾಕ್ಷಿ ಟೈಮಿಗೆ ದಲಾಲಿ ಜೋಡಿ ಕಿಲೋಕ್ಕ ಎರಡ ರೂಪಾಯಿ, ಮೂರ ರೂಪಾಯಿ ಅಂತ ಗುದ್ದಾಡಿ ಗುದ್ದಾಡಿ ಗಂಟಲ ಒಣಗೈತ್ರಿ ಕಾಕಾ. ಬಾಗಲದ ಮುಂದರ ಸುಮ್ಮ ಇರೂಣು ಅನ್ಸತು,” ಎಂದನು. ತನ್ನ ಮಾಲಿಗೆ ತಾನೇ ದರ ಕಟ್ಟಲಾರದ ರೈತನು ಆಡಿದ ಈ ಮಾತಿನ ಎದುರಿಗೆ ಕಾಕಾ ಅವರ ತಖ್ತೆಯಲ್ಲಿ ಬರೆಯಲು ಕಾಲಂ ಇರಲಿಲ್ಲ. ಅಂದು ಅವರು ತೋಟದ ದ್ರಾಕ್ಷಿಯನ್ನು ದರ ಕೇಳದೆ ತಿಂದು ಬಂದರು.

ಇಷ್ಟರಲ್ಲಿ ಒಂದು ವಿಚಿತ್ರ ಚಕ್ರವು ಪ್ರಾರಂಭವಾಗಿತ್ತು. ಪ್ರತಿ ಕೊಟೇಶನ್ನಿನ ಕೆಳಗೂ ‘ಈ ದರವು 15 ದಿನಗಳವರೆಗೆ ಮಾತ್ರ’ ಎಂಬ ಒಕ್ಕಣೆ ಇರುವುದಷ್ಟೆ. ಕೊನೆಯ ಅಂಗಡಿಯ ಕಾಗದ ಕೈಸೇರುವ ಹೊತ್ತಿಗೆ ಮೊದಲನೆಯ ಅಂಗಡಿಯ ಕಾಗದವು ಕಾಲಬಾಧಿತವಾಗುವುದು. ಕಾಲಬಾಧಿತವಾದ ದರವನ್ನು ತಖ್ತೆಯಲ್ಲಿ ನಮೂದಿಸುವುದು ನಿಯಮಕ್ಕೆ ವಿರುದ್ಧ. ಆದುದರಿಂದ ಮತ್ತೆ ಮೊದಲಿನಿಂದ. ಸೊಲ್ಲಾಪುರದಲ್ಲಿ ಅಗ್ಗವೆಂದು ಯಾರೋ ಹೇಳಿದುದರಿಂದ ನೂರು ಕಿಲೋಮೀಟರು ಬಸ್ಸಿನಲ್ಲಿ ಹೋಗಿ, ದರವನ್ನು ತಂದು, ಜೊತೆಗೆ ಒಂದು ಚಾದರವನ್ನೂ ತಂದರು. ಆಟೋ, ಬಸ್ಸು, ಜೆರಾಕ್ಸು, ಚಹಾ, ಚಾದರ ಇವು ಬಾಗಿಲಿನ ಲೆಕ್ಕಕ್ಕೆ ಸೇರತಕ್ಕವೇ ಎಂದು ಕಾಕು ಒಮ್ಮೆ ಕೇಳಿದ್ದುಂಟು. ಅವು ‘ಸಾದಿಲ್ವಾರು’ ಎಂದು ಕಾಕಾ ಉತ್ತರಿಸಿದರು. ಸಾದಿಲ್ವಾರು ವೆಚ್ಚಕ್ಕೆ ಕೊಟೇಶನ್ನು ಬೇಡ.

ಕಡೆಗೆ ಒಬ್ಬ ಅಂಗಡಿಕಾರನು, ದರದ ಮಾತು ನಿಲ್ಲಲೆಂದೋ ಏನೋ, ಅಳತೆಗಾಗಿ ತನ್ನ ಹುಡುಗನನ್ನು ಮನೆಗೇ ಕಳುಹಿಸಿದನು. ಹುಡುಗನು ಅಳತೆಯ ಪಟ್ಟಿಯನ್ನು ಬಿಚ್ಚುವ ಮೊದಲು ನೆಲಕ್ಕೆ ಕುಳಿತು, ಸ್ಕ್ರೂಡ್ರೈವರಿನಿಂದ ಟ್ರ್ಯಾಕಿನೊಳಗಿನ ಮಣ್ಣನ್ನು ಕೆದರಿ ಒಂದು ಬೊಗಸೆಯಷ್ಟನ್ನು ಹೊರಗೆ ಹಾಕಿ, ಬಾಗಿಲನ್ನು ಮೇಲಕ್ಕೆತ್ತಿ ಅಡಿಯನ್ನು ನೋಡಿ ಹೇಳಿದನು:

“ಬಾಗಲಾ ಚಲೋ ಐತ್ರಿ ಅಜ್ಜಾರ. ಗಾಜಿಗೂ ಏನೂ ಆಗಿಲ್ಲ. ರೋಲರ್ ಸವದಾವ್ರಿ, ಅಷ್ಟ. ನಾಲ್ಕ್ ರೋಲರ್, ನನ್ನ ಕೂಲಿ, ಎಲ್ಲಾ ಸೇರಿ ಎಂಟನೂರ ಕೊಡ್ರಿ.”

ಎಲ್ಲಾ ಸೇರಿ! ಅಷ್ಟು ಅಂಗಡಿಗಳಲ್ಲಿ ಯಾರ ಬಾಯಿಂದಲೂ ಹೊರಡಿಸಲಾಗದ ಆ ಮಾತು ತಾನಾಗಿ ಬಂದು ಪಡಸಾಲೆಯಲ್ಲಿ ನಿಂತಿತ್ತು. ಕಾಕು ಅಡಿಗೆಮನೆಯ ಡಬ್ಬಿಯಿಂದ ಹಣ ತರಲು ಎದ್ದರು. ಕಾಕಾ ಅವರ ಮುಖದಲ್ಲಿ ಹರ್ಷ ವಿಷಾದಗಳೆರಡೂ ಕ್ಷಣಕಾಲ ಹೋರಾಡಿದವು. ಅನಂತರ ಅವರು ಕನ್ನಡಕವನ್ನು ಸರಿಪಡಿಸಿಕೊಂಡು, ಪ್ರಸನ್ನರಾಗಿ ಕೇಳಿದರು:

“ರೋಲರ್ ಯಾವ ಕಂಪನಿದಪಾ? ಬರದ ಕೊಡು. ಇನ್ನೆರಡ ಕಡೆ ವಿಚಾರಸತೇನಿ.”

ಕಾಕು ಮಾತ್ರ ಆ ಸಲ ಯಾವ ನಿಯಮವನ್ನೂ ಲೆಕ್ಕಿಸದೆ ಎಂಟುನೂರನ್ನು ಹುಡುಗನ ಕೈಯಲ್ಲಿ ಇಟ್ಟರು. ಬಾಗಿಲು ಈಗ ಬೆರಳಿನಿಂದ ತಳ್ಳಿದರೆ ಓಡುವುದು. ವಾಚಕರಲ್ಲಿ ಯಾರಿಗಾದರೂ ಇಂಥ ಬಾಗಿಲನ್ನು ಬದಲಿಸುವ ಯೋಚನೆ ಇದ್ದರೆ, ಮೊದಲು ಟ್ರ್ಯಾಕಿನ ಮಣ್ಣನ್ನು ತೆಗೆಸಿ ರೋಲರನ್ನು ನೋಡಿಸಿರಿ. ಅಷ್ಟಕ್ಕೂ ಬಗೆಹರಿಯದಿದ್ದರೆ ಸಂಜೆ ಆರರ ಮೇಲೆ ಗಾಂಧಿ ಚೌಕಿಗೆ ಬಂದು ಕಾಕಾ ಅವರನ್ನು ಕಾಣಿರಿ. ವಿಜಯಪುರದಿಂದ ಸೊಲ್ಲಾಪುರದವರೆಗಿನ ದರಗಳೆಲ್ಲ ಅವರಲ್ಲಿ ಧರ್ಮಾರ್ಥವಾಗಿ ದೊರೆಯುವವು. ಅಂಗಡಿಗೆ ಮಾತ್ರ ಅವರನ್ನು ಕರೆದುಕೊಂಡು ಹೋಗಬೇಡಿರಿ.